ಕುದುರೆ ಪಾರ್ಟಿ, ಪ್ಲಸ್ ಪಾರ್ಟಿ

ಬಾಳ್ಳುಪೇಟೆ

ನಾನು ಜೀಪು ರಿಪೇರಿ ಮಾಡುವವನು. ಹೆಸರು ಇಸ್ಮಾಯಿಲ್. ಬಾಳ್ಳುಪೇಟೆಯಲ್ಲಿ ಹೆದ್ದಾರಿಯ ಪಕ್ಕಕ್ಕೇ ನನ್ನ ಗ್ಯಾರೇಜು. ಹಾನುಬಾಳು ಕಡೆಯ ತೋಟದ ಜೀಪು, ಮಗ್ಗೆ ಕಡೆಯ ಟ್ರ್ಯಾಕ್ಟರು, ಘಾಟಿ ಹತ್ತಿ ಸುಸ್ತಾದ ಲಾರಿ, ಎಲ್ಲವೂ ಮೂವತ್ತೈದು ವರ್ಷದಿಂದ ನನ್ನ ಬಾಗಿಲಿಗೆ ಬಂದು ನಿಂತಿವೆ. ಬೆಂಗಳೂರನ್ನೇ ನಾಲ್ಕು ಸಲ ಸರಿಯಾಗಿ ನೋಡದ ನಾನು ಅಮೇರಿಕಕ್ಕೆ ಹೋಗಿಬಂದೆ. ಅದಕ್ಕೆ ಕಾರಣ ಒಂದು ಕಾರ್ಬುರೇಟರು.

ನಾಲ್ಕು ವರ್ಷದ ಹಿಂದೆ ಹಾನುಬಾಳಿನ ಒಂದು ಎಸ್ಟೇಟಿಗೆ ವಾಲ್ಟರ್ ಅನ್ನುವ ಅಮೇರಿಕದ ಹಿರಿಯರು ಅತಿಥಿಯಾಗಿ ಬಂದಿದ್ದರು. ಎಪ್ಪತ್ತು ದಾಟಿದ ವಯಸ್ಸು. ಅವರನ್ನು ಗುಡ್ಡ ತೋರಿಸಲು ಕರೆದುಕೊಂಡು ಹೋಗಿದ್ದ ಹಳೇ ಪೆಟ್ರೋಲ್ ಜೀಪು ಏರಿನ ನಡುವೆ ನಿಂತುಬಿಟ್ಟಿತು. ಡ್ರೈವರ್ ರುದ್ರೇಶ ನನಗೆ ಫೋನು ಮಾಡಿದ. ನಾನು ಹೋಗಿ ಕಾರ್ಬುರೇಟರ್ ಬಿಚ್ಚಿ, ವೈರಿನ ಒಂದೇ ಒಂದು ಎಳೆ ತೆಗೆದು ಪೆಟ್ರೋಲು ಹಾಯುವ ಜೆಟ್ಟಿನ ತೂತಿಗೆ ಪೋಣಿಸಿ, ಬಾಯಿಂದ ಊದಿ, ಮತ್ತೆ ಕೂಡಿಸಿದೆ. ಅಷ್ಟು ಹೊತ್ತೂ ವಾಲ್ಟರ್ ನನ್ನ ಪಕ್ಕದಲ್ಲಿ ಮಣ್ಣಿನಲ್ಲೇ ಕೂತಿದ್ದರು. ಮಾರನೆಯ ದಿನ ಎಸ್ಟೇಟಿನಲ್ಲಿ ಯಾರಿಗೂ ಹೇಳದೆ ಬಸ್ಸು ಹತ್ತಿ ನನ್ನ ಗ್ಯಾರೇಜಿಗೆ ಬಂದು, ಒಂದು ಹಳೇ ಟೈರಿನ ಮೇಲೆ ಸಂಜೆಯವರೆಗೆ ಕೂತರು. ನನ್ನ ಇಂಗ್ಲಿಷು ತೋಟದ ಮಾಲೀಕರ ಜೊತೆ ಮಾತಾಡಿ ಕಲಿತದ್ದು. ಸಾಲದೆ ಬಂದ ಕಡೆ ಸ್ಪ್ಯಾನರ್ ತೋರಿಸಿ ಮಾತಾಡಿದೆವು.

ಊರಿಗೆ ವಾಪಸು ಹೋದ ಮೇಲೂ ಅವರು ಬಿಡಲಿಲ್ಲ. ಅವರ ಹತ್ತಿರ ಒಂದು ಹಳೇ ಮಸ್ಟಾಂಗ್ ಕಾರು ಇತ್ತು, ಅವರ ಅಪ್ಪ ಕೊಂಡದ್ದು. ತಿಂಗಳಿಗೊಂದು ಸಲ ವೀಡಿಯೋ ಕಾಲ್ ಮಾಡಿ ಫೋನನ್ನು ಎಂಜಿನ್ ಪಕ್ಕ ಇಡುತ್ತಿದ್ದರು. ನಾನು ಇಲ್ಲಿ ಕಣ್ಣು ಮುಚ್ಚಿ ಕೇಳಿ, "ಮೂರನೇ ಪ್ಲಗ್ ನೋಡಿ ಸಾರ್, ಮಿಸ್ಸಿಂಗ್ ಹೊಡೀತಿದೆ" ಅನ್ನುತ್ತಿದ್ದೆ.

ಹೋದ ವರ್ಷ ಒಂದು ದಿನ ಅವರು ಎಂಜಿನ್ ಶಬ್ದ ಕೇಳಿಸಲಿಲ್ಲ. "ಇಸ್ಮಾಯಿಲ್, ನನ್ನ ಎದುರು ಮನೆಯವನ ಕಾರು ಆರು ವರ್ಷದಿಂದ ನಿಂತಿದೆ. ನೀನು ಬಂದು ಅದನ್ನು ಓಡಿಸಿಕೊಡಬೇಕು. ಟಿಕೆಟ್ ನಾನು ಕಳಿಸ್ತೀನಿ" ಅಂದರು.

"ಅಲ್ಲಿ ಮೆಕ್ಯಾನಿಕ್‌ಗಳು ಇಲ್ಲವಾ ಸಾರ್?"

"ಬೇಕಾದಷ್ಟು ಜನ ಇದ್ದಾರೆ. ಆದರೆ ಎಲ್ಲರೂ ಒಂದಲ್ಲ ಒಂದು ಪಾರ್ಟಿಯವರು."

ನನಗೆ ಅರ್ಥವಾಗಲಿಲ್ಲ. ರುದ್ರೇಶನಿಗೆ ಹೇಳಿದರೆ ಅವನು ನಕ್ಕು ಬಿದ್ದ. "ಗಾಡಿ ರಿಪೇರಿಗೆ ಅಮೇರಿಕಕ್ಕೆ ಹೋಯ್ತಿಯಾ ಮಾರಾಯ? ಅಲ್ಲಿ ಮೆಕ್ಯಾನಿಕ್ಕುಗಳೆಲ್ಲ ಸತ್ತೋಗ್ಬುಟ್ಟವ್ರಾ? ಹೋಗ್ಲಿ, ಕಾಫಿ ಪುಡಿ ತಗಂಡೋಗು ಕಣೋ. ಅಲ್ಲಿ ಏನೈತೋ ಏನಿಲ್ವೋ."

ನನ್ನ ಹೆಂಡತಿ ಜುಬೇದಾ ಮಾತ್ರ ನಗಲಿಲ್ಲ. ನನ್ನ ಸಣ್ಣ ಸ್ಪ್ಯಾನರುಗಳನ್ನೆಲ್ಲ ಸೋಪು ಹಾಕಿ ತೊಳೆದು, ಒರೆಸಿ, ಹಳೇ ದುಪಟ್ಟಾದಲ್ಲಿ ಸುತ್ತಿ ಚೀಲಕ್ಕೆ ಇಟ್ಟಳು.

ವಿಮಾನ ಇಳಿದ ಕಡೆ

ಅಮೇರಿಕದಲ್ಲಿ ಇಳಿದ ಕೂಡಲೇ ನನ್ನ ಚೀಲ ತೆಗೆಸಿದರು. ದುಪಟ್ಟಾ ಬಿಚ್ಚಿದ ಅಧಿಕಾರಿ ಒಳಗಿದ್ದ ಸಾಮಾನು ನೋಡಿ ಹುಬ್ಬು ಏರಿಸಿದರು. ದಪ್ಪ ಮೀಸೆಯ ಮನುಷ್ಯ. ಇದೇನು ಅಂದರು. ಗೆಳೆಯರ ಮನೆಗೆ ಬಂದಿದ್ದೇನೆ, ಅವರಿಗೂ ನನಗೂ ಹಳೇ ಗಾಡಿಗಳ ಹುಚ್ಚು ಅಂದೆ. ನಂಬಲಿ ಅಂತ ಫೋನಿನಲ್ಲಿ ವಾಲ್ಟರ್ ಅವರ ಕೆಂಪು ಮಸ್ಟಾಂಗ್ ಚಿತ್ರ ತೋರಿಸಿದೆ.

ಆತ ಚಿತ್ರವನ್ನು ನೋಡಿದರು. ಮುಖದಲ್ಲಿ ಬೇಸರ ಕಾಣಿಸಿತು. ಇನ್ನು ವಾಪಸು ಕಳಿಸುತ್ತಾರೆ ಅಂದುಕೊಂಡೆ.

"ನಿಮ್ಮ ಗೆಳೆಯರಿಗೆ ಒಂದು ಮಾತು ಹೇಳಿ" ಅಂದರು. "ಅವರು ತಪ್ಪು ಗಾಡಿ ಇಟ್ಟುಕೊಂಡಿದ್ದಾರೆ."

ಆಮೇಲೆ ತಮ್ಮ ಫೋನು ತೆಗೆದು ಒಂದು ಹಳದಿ ಕಾರು ತೋರಿಸಿದರು. ಹೆಸರು ಕಮಾರೋ. ಅದರ ಮುಂದಿನ ಗುರುತು ಅಡ್ಡಕ್ಕೆ ಎಳೆದು ಉದ್ದ ಮಾಡಿದ ಕೂಡಿಸುವ ಗುರುತಿನ ಹಾಗಿತ್ತು. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಅವರು ಹೆಂಡತಿಯ ಜೊತೆ, ಮಗಳ ಜೊತೆ, ನಾಯಿಯ ಜೊತೆ ಆ ಕಾರು ನಿಂತಿದ್ದ ನಾಲ್ಕು ಚಿತ್ರ ತೋರಿಸಿ, ಸ್ಪ್ಯಾನರುಗಳನ್ನು ಜುಬೇದಾ ಸುತ್ತಿದ್ದಕ್ಕಿಂತ ಚೆನ್ನಾಗಿ ಸುತ್ತಿ ಕೊಟ್ಟು ಕಳಿಸಿದರು.

ಹೊರಗೆ ವಾಲ್ಟರ್ ಕಾಯುತ್ತಿದ್ದರು. ಬಿಸಿಲಿತ್ತು. ಅಪ್ಪಿಕೊಂಡು, ತಮ್ಮ ತಲೆಯ ಮೇಲಿದ್ದ ಟೋಪಿ ತೆಗೆದು ನನ್ನ ತಲೆಗೆ ಇಟ್ಟರು. ಅದರ ಮೇಲೆ ಮಸ್ಟಾಂಗಿನ ಗುರುತು, ಓಡುವ ಕುದುರೆಯ ಚಿತ್ರ.

ವಾಲ್ಟರ್ ಅವರ ಶೆಡ್ಡು

ಓಹಿಯೋ ರಾಜ್ಯದ ಸಣ್ಣ ಊರು ಅದು. ಊರಿನ ಹೆಸರು ಬರೆಯುವುದು ಬೇಡ, ಆ ಹಿರಿಯರಿಗೆ ಇಷ್ಟವಾಗಲಿಕ್ಕಿಲ್ಲ. ಸುತ್ತ ಜೋಳದ ಹೊಲ. ಗುಡ್ಡ ಅನ್ನುವುದು ಹುಡುಕಿದರೂ ಇಲ್ಲ. ರಸ್ತೆ ದಾರದ ಹಾಗೆ ನೆಟ್ಟಗೆ ಹೋಗುತ್ತದೆ. ಸಕಲೇಶಪುರದ ತಿರುವುಗಳಲ್ಲಿ ಗಾಡಿ ಓಡಿಸಿದವನಿಗೆ ಅಲ್ಲಿ ಸ್ಟೇರಿಂಗ್ ಯಾಕೆ ಬೇಕು ಅನಿಸುತ್ತದೆ.

ವಾಲ್ಟರ್ ಒಬ್ಬರೇ ಇರುವವರು. ಮದುವೆಯಾಗಿಲ್ಲ. ಮನೆಗಿಂತ ಅವರ ಶೆಡ್ಡು ದೊಡ್ಡದು. ಅಲ್ಲಿ ಗಡಿಯಾರದಲ್ಲಿ ಕುದುರೆ, ಕಾಫಿ ಲೋಟದಲ್ಲಿ ಕುದುರೆ, ಕಾಲೊರೆಸುವ ಚಾಪೆಯಲ್ಲಿ ಮಾತ್ರ ಆ ಕೂಡಿಸುವ ಗುರುತು. ಒಳಗೆ ಬರುವವರೆಲ್ಲ ಅದನ್ನು ತುಳಿದು ಬರಲಿ ಅಂತ ಹಾಕಿಸಿದ್ದಂತೆ.

ಅವರೇ ಬಿಡಿಸಿ ಹೇಳಿದರು. ಆ ಊರಿನಲ್ಲಿ ಎರಡು ಪಂಗಡ. ನಾನು ನನ್ನ ಲೆಕ್ಕಕ್ಕೆ ಕುದುರೆ ಪಾರ್ಟಿ, ಪ್ಲಸ್ ಪಾರ್ಟಿ ಅಂತ ಹೆಸರಿಟ್ಟುಕೊಂಡೆ. ವಾಲ್ಟರ್ ಅವರ ಅಪ್ಪ ಕುದುರೆಯವರ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಬೋಲ್ಟು ಬಿಗಿದವರು. ಎದುರು ಮನೆಯ ಅರ್ಲ್ ಅವರ ಅಪ್ಪ ಇನ್ನೊಂದು ಕಾರ್ಖಾನೆಯಲ್ಲಿ. ಮಕ್ಕಳಿಗೆ ಹೆಸರಿಡುವ ಮೊದಲೇ ಗಾಡಿ ಯಾವುದು ಅಂತ ತೀರ್ಮಾನವಾಗಿರುತ್ತದೆ. ವಾಲ್ಟರ್ ಅವರ ತಂಗಿಯ ಮಗಳು ಪ್ಲಸ್ ಪಾರ್ಟಿಯ ಹುಡುಗನನ್ನು ಮದುವೆಯಾದಾಗ ಮದುಮಕ್ಕಳು ಯಾವ ಕಾರಿನಲ್ಲಿ ಹೋಗಬೇಕು ಅಂತ ಜಗಳ ಹತ್ತಿ, ಕೊನೆಗೆ ಇಬ್ಬರೂ ಪಾದ್ರಿಯ ವ್ಯಾನಿನಲ್ಲಿ ಹೋದರಂತೆ.

ನನಗೆ ರುದ್ರೇಶನ ನೆನಪಾಯಿತು. ಹಾನುಬಾಳಿನಲ್ಲಿ ಪೆಟ್ರೋಲ್ ಜೀಪಿನವರು ಒಂದು ಕಡೆ ನಿಲ್ಲಿಸಿದರೆ ಡೀಸೆಲ್ ಜೀಪಿನವರು ಇನ್ನೊಂದು ಕಡೆ. ಅವನ ದೊಡ್ಡಪ್ಪನ ಮಗ ಅವನ ಜೀಪನ್ನು ಹೊಲಿಗೆ ಮಿಷನ್ನು ಅಂದಿದ್ದಕ್ಕೆ ರುದ್ರೇಶ ಒಂದು ತಿಂಗಳು ಮಾತು ಬಿಟ್ಟಿದ್ದ.

ಮಧ್ಯಾಹ್ನ ನಮಾಜಿನ ಹೊತ್ತಾಯಿತು. ಶೆಡ್ಡಿನ ಮೂಲೆಯಲ್ಲಿ ಜಾಗ ಕೇಳಿದೆ. ವಾಲ್ಟರ್ ಕಾರಿಗೆ ಹೊದಿಸುವ ಹೊಸ ಬಟ್ಟೆಯನ್ನು ನೆಲಕ್ಕೆ ಹಾಸಿ, ರೇಡಿಯೋ ಆರಿಸಿ, ನಾನು ಮುಗಿಸುವವರೆಗೂ ಹೊರಗೆ ನಿಂತಿದ್ದರು.

ಎದುರು ಮನೆಯ ಬಾಗಿಲು

ಮೊದಲೇ ಒಂದು ಏರ್ಪಾಡಾಗಿತ್ತು. ಅರ್ಲ್ ಅವರ ಮಗಳು ಡೋನಾ, ಐವತ್ತರ ಹತ್ತಿರದ ಹೆಂಗಸು, ಅಪ್ಪನನ್ನು ತನ್ನ ಊರಿಗೆ ಕರೆದೊಯ್ಯಲು ಬಂದಿದ್ದಳು. ಅವರ ಕೈ ನಡುಗುವ ಕಾಯಿಲೆ ಜಾಸ್ತಿಯಾಗಿತ್ತು. ಒಬ್ಬರೇ ಇರುವ ಹಾಗಿರಲಿಲ್ಲ. ಆ ಶನಿವಾರ ಊರಿನ ಶಾಲೆಯ ಮೈದಾನದಲ್ಲಿ ಹಳೇ ಕಾರುಗಳು ಸೇರುವ ದಿನ. ಭಾನುವಾರ ಅರ್ಲ್ ಊರು ಬಿಡುವವರು. ಅಷ್ಟರೊಳಗೆ ಅವರ ಕಮಾರೋ ಒಂದು ಸಲ ಓಡಬೇಕು. ವಾಲ್ಟರ್ ಕರೆಸಿದ್ದು ಅಂತ ಮಾತ್ರ ಅರ್ಲ್‌ಗೆ ತಿಳಿಯಬಾರದು. ತನ್ನ ಸ್ನೇಹಿತೆಗೆ ಪರಿಚಯದ ಮೆಕ್ಯಾನಿಕ್ ಅಂತ ಡೋನಾ ಅಪ್ಪನಿಗೆ ಹೇಳಿಟ್ಟಿದ್ದಳು.

ನಾನು ಚೀಲ ಹಿಡಿದು ರಸ್ತೆ ದಾಟಿದೆ. ಬೆಲ್ ಒತ್ತಿದೆ. ಬಾಗಿಲು ತೆರೆದವರು ಅರ್ಲ್ ಅವರೇ. ಎತ್ತರದ ಮನುಷ್ಯ. ಕೋಲಿನ ಮೇಲೆ ಇಟ್ಟ ಕೈ ಗಡಗಡ ನಡುಗುತ್ತಿತ್ತು. ಅವರು ನನ್ನ ಮುಖ ನೋಡಲಿಲ್ಲ. ಹಣೆಯ ಮೇಲಕ್ಕೆ ನೋಡಿದರು.

"ಈ ಮನೆಯೊಳಗೆ ಕುದುರೆ ಬರೋದಿಲ್ಲ" ಅಂದು ಬಾಗಿಲು ಹಾಕಿಕೊಂಡರು.

ಟೋಪಿ! ವಿಮಾನ ಇಳಿದಾಗಿನಿಂದ ತಲೆಯ ಮೇಲೇ ಇತ್ತು, ಮರೆತೇ ಹೋಗಿತ್ತು. ಅಷ್ಟು ದೂರದಿಂದ ಬಂದು ಹೊಸಿಲ ಮುಂದೆ ಹೀಗಾಯಿತಲ್ಲ ಅಂತ ನಾಚಿಕೆಯಿಂದ ಕಾಲು ಎಳೆದುಕೊಂಡು ವಾಪಸು ಬಂದೆ.

ವಾಲ್ಟರ್ ಕಿಟಕಿಯಿಂದ ಎಲ್ಲ ನೋಡಿದ್ದರು. ನನ್ನನ್ನು ಬೈಯಲಿಲ್ಲ. ಶೆಡ್ಡಿನ ಸ್ಟೂಲಿನ ಮೇಲೆ ಕೂತರು. ಆಮೇಲೆ, "ತಪ್ಪು ನಿನ್ನದಲ್ಲ, ನನ್ನದು" ಅಂದು ಶುರು ಮಾಡಿದರು.

ಅರ್ಲ್ ಮತ್ತು ಅವರು ಶಾಲೆಯ ಕಾಲದ ಗೆಳೆಯರು. ನಲವತ್ತು ವರ್ಷ ಇಬ್ಬರಿಗೂ ಒಬ್ಬರ ಗಾಡಿಯನ್ನು ಒಬ್ಬರು ಹಳಿಯುವುದೇ ಕೆಲಸ. ವಾಲ್ಟರ್ ಅವರ ಎಂಜಿನ್ನಿನಲ್ಲಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಂದಕ್ಕಿದೆ, ಕೈಗೆ ಸಿಗುತ್ತದೆ. ಅರ್ಲ್ ಅವರದರಲ್ಲಿ ಹಿಂದಕ್ಕಿದೆ, ಎಂಜಿನ್ನಿನ ಮೇಲೆ ಮಲಗಬೇಕು. ಇದೊಂದೇ ವಿಷಯದ ಮೇಲೆ ಹತ್ತು ವರ್ಷ ಜಗಳ ಆಡಿದ್ದರಂತೆ. ಹಾಗೆ ಹಳಿಯುತ್ತಲೇ ದಿನವೂ ಒಟ್ಟಿಗೆ ಕಾಫಿ ಕುಡಿಯುತ್ತಿದ್ದರು.

ಆರು ವರ್ಷದ ಹಿಂದೆ ಅರ್ಲ್ ಅವರ ಹೆಂಡತಿ ಬೆಟ್ಟಿ ತೀರಿಕೊಂಡರು. ಮಣ್ಣು ಮಾಡುವ ದಿನ ಬೆಳಿಗ್ಗೆ ಶವದ ಗಾಡಿಯ ಹಿಂದೆ ತನ್ನ ಕಮಾರೋದಲ್ಲೇ ಹೋಗುತ್ತೇನೆ ಅಂತ ಅರ್ಲ್ ಕೀಲಿ ತಿರುಗಿಸಿದರು. ಸ್ಟಾರ್ಟ್ ಆಗಲಿಲ್ಲ. ಮತ್ತೆ ಮತ್ತೆ ತಿರುಗಿಸಿದರು. ಜನ ಎಲ್ಲ ಕಾಯುತ್ತಿದ್ದರು. ವಾಲ್ಟರ್ ತಮ್ಮ ಕಾರು ತಂದು ಪಕ್ಕಕ್ಕೆ ನಿಲ್ಲಿಸಿ ಬಾಗಿಲು ತೆರೆದರು.

"ಬಾ ಕೂತ್ಕೊ ಅನ್ನಬೇಕಿತ್ತು ಇಸ್ಮಾಯಿಲ್. ಬಾಯಿಗೆ ಬಂದದ್ದು ಬೇರೆ. ಕೊನೆಗೂ ನಿನಗೆ ನನ್ನ ಗಾಡಿ ಬೇಕಾಯ್ತಲ್ಲ ಅಂದುಬಿಟ್ಟೆ. ನಲವತ್ತು ವರ್ಷ ಆಡಿದ ಮಾತು, ತಾನಾಗೇ ಬಂತು. ಅವನು ನನ್ನ ಕಡೆ ಒಂದು ಸಲ ನೋಡಿದ. ಆಮೇಲೆ ಇಳಿದು, ಬೆಟ್ಟಿ ಹಿಂದೆ ಸ್ಮಶಾನದವರೆಗೂ ನಡೆದುಕೊಂಡೇ ಹೋದ. ಒಬ್ಬನೇ."

ಅವತ್ತಿನಿಂದ ಮಾತಿಲ್ಲ. ಅರ್ಲ್ ಕಾರನ್ನು ರಿಪೇರಿ ಮಾಡಲೂ ಇಲ್ಲ. ಮಾಡಬೇಕು ಅನಿಸುವ ಹೊತ್ತಿಗೆ ಕೈ ನಡುಗಲು ಶುರುವಾಗಿತ್ತು.

ವಾಲ್ಟರ್ ಕಣ್ಣು ಒರೆಸಿಕೊಳ್ಳಲಿಲ್ಲ. ಪಕ್ಕದಲ್ಲಿದ್ದ ಎಣ್ಣೆ ಬಟ್ಟೆ ತಗೊಂಡು ಏನೂ ಕೊಳೆಯಿಲ್ಲದ ಒಂದು ಸ್ಪ್ಯಾನರನ್ನು ಒರೆಸುತ್ತಾ ಕೂತರು.

ಅರ್ಲ್ ಅವರ ಗ್ಯಾರೇಜು

ಮಾರನೆಯ ದಿನ ಬೆಳಿಗ್ಗೆ ನಮಾಜು ಮುಗಿಸಿ, ತಲೆಯ ಮೇಲಿದ್ದ ಬಿಳಿ ಟೋಪಿಯಲ್ಲೇ ಹೋಗಿ ಬೆಲ್ ಒತ್ತಿದೆ. ಅರ್ಲ್ ಮತ್ತೆ ಹಣೆಯ ಮೇಲಕ್ಕೇ ನೋಡಿದರು.

"ಈ ಟೋಪಿ ಮೇಲೆ ನನಗೆ ಜಗಳ ಇಲ್ಲ" ಅಂದರು. "ನಿನ್ನದು ಯಾವ ಪಾರ್ಟಿ?"

"ನಾನು ಜೀಪು ಪಾರ್ಟಿ ಸಾರ್."

ಸ್ವಲ್ಪ ಯೋಚನೆ ಮಾಡಿ, "ಜೀಪು ಪರವಾಗಿಲ್ಲ. ಒಳಗೆ ಬಾ" ಅಂದರು.

ಡೋನಾ ಕಾಫಿ ತಂದುಕೊಟ್ಟಳು. ನಮ್ಮ ಕಡೆ ಲೋಟ ತೊಳೆದ ನೀರು ಅದಕ್ಕಿಂತ ಗಟ್ಟಿ ಇರುತ್ತದೆ. ಎರಡನೇ ದಿನದಿಂದ ನಾನೇ ತಂದಿದ್ದ ಪುಡಿಯಲ್ಲಿ ಡಿಕಾಕ್ಷನ್ ಇಳಿಸಿ ಮೂವರಿಗೂ ಮಾಡುತ್ತಿದ್ದೆ. ಅರ್ಲ್‌ಗೆ ಅರ್ಧ ಲೋಟ ಮಾತ್ರ ಹಾಕಬೇಕು, ತುಂಬಿಸಿದರೆ ಚೆಲ್ಲುತ್ತದೆ. ಅದನ್ನು ಅವರಿಗೆ ತಿಳಿಯದ ಹಾಗೆ ಮಾಡಬೇಕು. ನಾನು ಎಲ್ಲರ ಲೋಟವನ್ನೂ ಅರ್ಧಕ್ಕೇ ತುಂಬಿಸಿ, ನಮ್ಮೂರಿನಲ್ಲಿ ಹೀಗೇ ಕುಡಿಯೋದು ಅಂದೆ.

ಕಾರು ನೀಲಿ ಬಣ್ಣದ್ದು. ಧೂಳು ಕೂತಿದ್ದರೂ ಎಲ್ಲೂ ತುಕ್ಕಿಲ್ಲ. ಬಾನೆಟ್ ಎತ್ತಿದೆ. ಆರು ವರ್ಷದ ಪೆಟ್ರೋಲು ಕಾರ್ಬುರೇಟರಿನಲ್ಲಿ ಅಂಟಾಗಿ ಕೂತಿತ್ತು. ಹಲಸಿನ ಮೇಣದ ಹಾಗೆ. ಟ್ಯಾಂಕು ಖಾಲಿ ಮಾಡಿದೆ, ಪೈಪು ತೊಳೆದೆ, ಜೆಟ್ಟುಗಳನ್ನು ಒಂದೊಂದಾಗಿ ಬಿಡಿಸಿದೆ. ಒಳಗೆ ತೇಲುವ ಹಿತ್ತಾಳೆಯ ಡಬ್ಬಿ ಇರುತ್ತದಲ್ಲ, ಫ್ಲೋಟು, ಅದನ್ನು ಬಿಸಿನೀರಿನಲ್ಲಿ ಅದ್ದಿ ನೋಡಿದರೆ ಸಣ್ಣ ಸಣ್ಣ ಗುಳ್ಳೆ. ಸೂಜಿಮೊನೆಯಷ್ಟು ತೂತು. ಫ್ಲೋಟು ಮುಳುಗಿದರೆ ಪೆಟ್ರೋಲು ಮಿತಿಮೀರಿ ತುಂಬಿ ಎಂಜಿನ್ ಹತ್ತುವುದಿಲ್ಲ. ಅಂತ್ಯಕ್ರಿಯೆಯ ದಿನ ಗಾಡಿ ಹತ್ತದೇ ಇದ್ದದ್ದು ಇದರಿಂದಲೇ ಇರಬೇಕು. ಅಷ್ಟು ಸಣ್ಣ ತೂತು.

ಅರ್ಲ್ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು. ಟಾರ್ಚು ಹಿಡಿಯುತ್ತೇನೆ ಅಂದರು. ಹಿಡಿದರು. ಬೆಳಕು ಎಂಜಿನ್ ಮೇಲೆಲ್ಲ ಕುಣಿಯಿತು. ಇನ್ನೊಂದು ಕೈಯಿಂದ ಮಣಿಕಟ್ಟನ್ನು ಒತ್ತಿ ಹಿಡಿದರೂ ನಿಲ್ಲಲಿಲ್ಲ. ಅವರ ಮುಖ ಕೆಂಪಾಯಿತು. ಟಾರ್ಚನ್ನು ನೆಲಕ್ಕಿಟ್ಟರು.

"ಸಾರ್, ನನಗೆ ನಿಮ್ಮ ಕಿವಿ ಬೇಕು" ಅಂದೆ. "ಈ ಎಂಜಿನ್ ಹೇಗೆ ಕೂಗಬೇಕು ಅಂತ ನನಗೆ ಗೊತ್ತಿಲ್ಲ. ಜೀಪಿನ ಸದ್ದು ಬೇರೆ. ಸ್ಟಾರ್ಟ್ ಆದಾಗ ನೀವು ಹೇಳಬೇಕು."

ಅವರು ತಲೆ ಆಡಿಸಿದರು.

ಒಳಗೆ ಸೀಟು ಒರೆಸುವಾಗ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಒಂದು ಹೆಂಗಸರ ತಂಪು ಕನ್ನಡಕ ಸಿಕ್ಕಿತು. ಹೊರಗೆ ತೆಗೆದೆ. "ಅಲ್ಲೇ ಇಡು" ಅಂದರು ಅರ್ಲ್. ಅಲ್ಲೇ ಇಟ್ಟೆ. "ನನ್ನ ಪಕ್ಕದ ಸೀಟಿನಲ್ಲಿ ಅವಳನ್ನು ಬಿಟ್ಟು ಬೇರೆ ಯಾರೂ ಹೆಚ್ಚು ಕೂತಿಲ್ಲ" ಅಂದರು ಸ್ವಲ್ಪ ಹೊತ್ತಿನ ಮೇಲೆ.

ಗುರುವಾರ ಒಂದು ತೊಡಕು ಬಂತು. ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲು ಚಿಮ್ಮಿಸುವ ಒಂದು ರಬ್ಬರ್ ಬಿಲ್ಲೆ ಇರುತ್ತದೆ. ಅದು ಹರಿದುಹೋಗಿತ್ತು. ಡೋನಾ ಅಂಗಡಿಗಳಿಗೆಲ್ಲ ಫೋನು ಮಾಡಿದಳು. ಬರುವ ವಾರ ಅಂದರು. ಸಂಜೆ ವಾಲ್ಟರ್ ಶೆಡ್ಡಿನಲ್ಲಿ ಹುಡುಕಿದರೆ ಅವರ ಸ್ಪೇರ್ ಪೆಟ್ಟಿಗೆಯಲ್ಲಿ ಅದೇ ಬಿಲ್ಲೆ ಇತ್ತು! ಕಾರು ಮಾಡುವವರು ಬೇರೆ ಬೇರೆ ಆದರೂ ಇಬ್ಬರ ಕಾರಿನಲ್ಲೂ ಕೂತಿದ್ದ ಕಾರ್ಬುರೇಟರು ಮೂರನೆಯವರೊಬ್ಬರು ಮಾಡಿದ್ದು. ವಾಲ್ಟರ್ ಅದನ್ನು ನನ್ನ ಅಂಗೈಯಲ್ಲಿಟ್ಟು, "ಎಲ್ಲಿಂದ ಬಂತು ಅಂತ ಹೇಳಬೇಡ" ಅಂದರು.

ಸರಿ ಅಂದೆ. ಆದರೆ ಮನಸ್ಸು ಒಪ್ಪಲಿಲ್ಲ. ನನಗೆ ಕೆಲಸ ಕಲಿಸಿದ್ದು ನಮ್ಮ ಮಾಮು. ಗಾಡಿಯವರಿಗೆ ಹೇಳದೆ ಒಂದು ವಾಷರನ್ನೂ ಹಾಕಬೇಡ ಅಂತ ಅವರು ಹೇಳುತ್ತಿದ್ದರು. ಮೂವತ್ತೈದು ವರ್ಷ ಹಾಗೆಯೇ ನಡೆದುಕೊಂಡಿದ್ದೇನೆ. ಹೇಳಿದರೆ ಅರ್ಲ್ ಮತ್ತೆ ಬಾಗಿಲು ಹಾಕಿಕೊಳ್ಳಬಹುದು, ಕಾರು ನಿಂತಲ್ಲೇ ನಿಲ್ಲುತ್ತದೆ, ಭಾನುವಾರ ಅವರು ಹೊರಟುಬಿಡುತ್ತಾರೆ. ಹೇಳದಿದ್ದರೆ ಅವರ ಹೆಂಡತಿ ಕೂತ ಗಾಡಿಯೊಳಗೆ ನಾನು ಒಂದು ಸುಳ್ಳು ಇಟ್ಟು ಬಂದ ಹಾಗೆ.

ಶುಕ್ರವಾರ ಬೆಳಿಗ್ಗೆ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಅರ್ಲ್ ಮುಂದೆ ಚಾಚಿದೆ.

"ಸಾರ್, ಇದು ಎದುರು ಮನೆಯದು. ವಾಲ್ಟರ್ ಸಾರ್ ಕೊಟ್ಟಿದ್ದು. ನನ್ನನ್ನು ಇಂಡಿಯಾದಿಂದ ಕರೆಸಿದ್ದೂ ಅವರೇ. ಬೇಡ ಅಂದರೆ ಹಾಕೋದಿಲ್ಲ."

ಅರ್ಲ್ ಬಿಲ್ಲೆ ನೋಡಿದರು. ನನ್ನನ್ನು ನೋಡಿದರು.

"ನನ್ನ ಕೈ ನಡುಗುತ್ತೆ, ತಲೆ ಸರಿಯಾಗೇ ಇದೆ" ಅಂದರು. "ಅವತ್ತು ಆ ಟೋಪಿ ಹಾಕಿಕೊಂಡು ನನ್ನ ಬಾಗಿಲಿಗೆ ಬಂದೆಯಲ್ಲ, ಆ ಟೋಪಿ ಅಂಚು ಹರಿದಿರೋದು ನನ್ನ ನಾಯಿ ಕಚ್ಚಿ. ಇಪ್ಪತ್ತು ವರ್ಷದ ಹಿಂದೆ. ಯಾರದು ಅಂತ ನನಗೆ ಗೊತ್ತಾಗಲ್ಲವಾ?"

"ಮತ್ತೆ ಮರುದಿನ ಯಾಕೆ ಒಳಗೆ ಬಿಟ್ಟಿರಿ?"

ಅವರು ಕೋಲಿನಿಂದ ಎಂಜಿನ್ ಕಡೆ ತೋರಿಸಿದರು. "ಹಾಕು ಅದನ್ನ" ಅಂದರು.

ಹಾಕಿದೆ. ಡಿಸ್ಟ್ರಿಬ್ಯೂಟರ್ ನೋಡಲು ಎಂಜಿನ್ ಮೇಲೆ ಉದ್ದಕ್ಕೆ ಮಲಗಿದೆ, ವಾಲ್ಟರ್ ಹೇಳಿದ್ದು ಸುಳ್ಳೇನಲ್ಲ. ಹೊಸ ಬ್ಯಾಟರಿ ಕೂಡಿಸಿ, ಬಿಸ್ಮಿಲ್ಲಾ ಅಂದು ಕೀಲಿ ತಿರುಗಿಸಿದೆ. ಎರಡು ಸಲ ಕೆಮ್ಮಿತು. ಮೂರನೆಯ ಸಲ ಹತ್ತಿತು. ಆ ಸದ್ದು! ಶೆಲ್ಫಿನ ಮೇಲಿದ್ದ ಡಬ್ಬಿಗಳೆಲ್ಲ ಅಲುಗಾಡಿದವು. ಡೋನಾ ಅಡುಗೆಮನೆಯಿಂದ ಓಡಿಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಅರ್ಲ್ ಕಣ್ಣು ಮುಚ್ಚಿದರು. "ಎಡಗಡೆ ಸ್ಕ್ರೂ ಕಾಲು ಸುತ್ತು ಹೊರಗೆ" ಅಂದರು. ತಿರುಗಿಸಿದೆ. "ಜಾಸ್ತಿ ಆಯ್ತು. ಒಂದು ಕೂದಲಷ್ಟು ಒಳಗೆ." ತಿರುಗಿಸಿದೆ. "ಈಗ ಬಲಗಡೆ." ಹೀಗೆ ಕಾಲು ಗಂಟೆ. ಅವರ ಕಿವಿಯೂ ನನ್ನ ಬೆರಳೂ ಒಬ್ಬನೇ ಮನುಷ್ಯನದು ಅನ್ನುವ ಹಾಗಿತ್ತು. ಕೊನೆಗೆ ಎಂಜಿನ್ ಒಂದೇ ಸಮನೆ ಗುರುಗುಡತೊಡಗಿದಾಗ ಅವರು ಕಣ್ಣು ತೆರೆಯದೆ, "ಮುಟ್ಟಬೇಡ. ಹೀಗೇ ಇತ್ತು ಅದು" ಅಂದರು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಓಡಿಸುವವರು ಯಾರು? ಅರ್ಲ್ ಕೈಯಲ್ಲಿ ಆಗುವುದಿಲ್ಲ. ನನಗೆ ಅಲ್ಲಿಯ ಲೈಸೆನ್ಸ್ ಇಲ್ಲ. ಡೋನಾಗೆ ಗೇರ್ ಹಾಕಲು ಬರುವುದಿಲ್ಲ. ಅಲ್ಲಿಯ ಕಾರುಗಳಲ್ಲಿ ಹೆಚ್ಚಿನವಕ್ಕೆ ಕ್ಲಚ್ಚೇ ಇಲ್ಲ, ಮೂವತ್ತು ವರ್ಷ ಕಾರು ಓಡಿಸಿದವರೂ ಕ್ಲಚ್ಚು ನೋಡಿರುವುದಿಲ್ಲ ಅಂದರೆ ಹಾನುಬಾಳಿನಲ್ಲಿ ಯಾರೂ ನಂಬಲಾರರು.

ನಾನು ಸಾಮಾನು ಕಟ್ಟಿ ಹೊರಡುವಾಗ ಅರ್ಲ್ ಹಿಂದಿನಿಂದ ಕರೆದರು.

"ಎದುರು ಮನೆಯವನಿಗೆ ಹೇಳು, ಬೆಳಿಗ್ಗೆ ಒಂಬತ್ತಕ್ಕೆ. ಆ ಟೋಪಿ ಹಾಕಿಕೊಂಡು ಬರಬಾರದು ಅಂತಲೂ ಹೇಳು."

ಶನಿವಾರ, ಶಾಲೆಯ ಮೈದಾನ

ವಾಲ್ಟರ್ ಎಂಟೂವರೆಗೇ ತಯಾರಾಗಿದ್ದರು. ಗಡ್ಡ ಬೋಳಿಸಿ, ತಲೆ ಬಾಚಿ, ಬಿಳಿ ಅಂಗಿ ಹಾಕಿದ್ದರು. ರಸ್ತೆ ದಾಟಲು ಹತ್ತು ಹೆಜ್ಜೆ. ಅಷ್ಟಕ್ಕೆ ಎರಡು ಸಲ ನಿಂತರು.

ಅರ್ಲ್ ಕಾರಿನ ಪಕ್ಕದಲ್ಲಿ ಕೋಲು ಊರಿ ನಿಂತಿದ್ದರು.

"ಅರ್ಲ್, ಅವತ್ತು ನಾನು ಹಾಗೆ ಅನ್ನಬಾರದಿತ್ತು" ಅಂದರು ವಾಲ್ಟರ್.

"ಹೌದು, ಅನ್ನಬಾರದಿತ್ತು" ಅಂದರು ಅರ್ಲ್. ಆಮೇಲೆ, "ನಾನೂ ನಿನ್ನ ಜಾಗದಲ್ಲಿದ್ದಿದ್ದರೆ ಅದನ್ನೇ ಅಂದಿರುತ್ತಿದ್ದೆ. ಅದಕ್ಕೇ ಅಷ್ಟು ಸಿಟ್ಟು ಬಂತು" ಅಂದು ಕೀಲಿ ಚಾಚಿದರು. ಕೈ ನಡುಗಿ ಕೀಲಿ ಗಲಗಲ ಅಂತಿತ್ತು. ವಾಲ್ಟರ್ ಎರಡೂ ಕೈಯಿಂದ ಆ ಕೈಯನ್ನು ಹಿಡಿದು, ಸದ್ದು ನಿಲ್ಲುವವರೆಗೂ ಬಿಡಲಿಲ್ಲ.

ಅರ್ಲ್ ಪಕ್ಕದ ಸೀಟಿನಲ್ಲಿ ಕೂತರು. ನಾನು ಹಿಂದೆ. ಆ ಕಾರಿನ ಹಿಂದಿನ ಸೀಟು ಹೆಸರಿಗೆ ಮಾತ್ರ. ಮೊಣಕಾಲು ಗಲ್ಲಕ್ಕೆ ತಾಗುತ್ತದೆ.

ಮೈದಾನದಲ್ಲಿ ನೂರಾರು ಕಾರು. ನಡುವೆ ದಾರಿ, ಎಡಕ್ಕೆ ಕುದುರೆ ಸಾಲು, ಬಲಕ್ಕೆ ಪ್ಲಸ್ ಸಾಲು. ಕಾರಿನ ಹಿಂದೆ ಮಡಿಸುವ ಕುರ್ಚಿ ಹಾಕಿಕೊಂಡು ಜನ ದಿನವಿಡೀ ಕೂರುತ್ತಾರೆ. ಎಲ್ಲ ಬಾನೆಟ್ಟೂ ತೆರೆದಿರುತ್ತದೆ. ತೊಟ್ಟಿಲಲ್ಲಿರುವ ಮಗುವನ್ನು ನೋಡುವ ಹಾಗೆ ಬಗ್ಗಿ ಬಗ್ಗಿ ನೋಡುತ್ತಾರೆ. ಇವರ ಸಾಲಿನವರು ಅವರ ಸಾಲಿನ ಕಡೆ ಮುಖ ತಿರುಗಿಸುವುದಿಲ್ಲ, ಆದರೆ ಕಾಫಿ ತರುವ ನೆಪದಲ್ಲಿ ಹತ್ತು ಸಲ ಆ ಕಡೆಯಿಂದಲೇ ಹಾದುಹೋಗುತ್ತಾರೆ.

ನಮ್ಮ ನೀಲಿ ಕಾರು ಗೇಟಿನೊಳಗೆ ಬಂದಾಗ ಮೊದಲು ಪ್ಲಸ್ ಸಾಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಆರು ವರ್ಷದ ಮೇಲೆ ಅರ್ಲ್ ಬಂದರು ಅಂತ. ಕಾರು ಹತ್ತಿರ ಬಂದು ಓಡಿಸುತ್ತಿರುವವರು ಯಾರು ಅಂತ ಕಂಡಾಗ ಚಪ್ಪಾಳೆ ಒಂದೊಂದಾಗಿ ನಿಂತಿತು. ಕುದುರೆ ಸಾಲಿನಲ್ಲಿ ಒಬ್ಬ ದಪ್ಪನೆಯ ಮನುಷ್ಯ ಕುರ್ಚಿಯಿಂದ ಎದ್ದ.

"ವಾಲ್ಟರ್, ದಾರಿ ತಪ್ಪಿತಾ?" ಅಂತ ಕೂಗಿದ. ಕೆಲವರು ನಕ್ಕರು.

ವಾಲ್ಟರ್ ಅವರ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದ ಕಾಣಿಸಿತು. ಗಾಜು ಇಳಿಸಿದರು.

"ಇಲ್ಲ. ಗೆಳೆಯನ ಗಾಡಿ ಓಡಿಸ್ತಾ ಇದೀನಿ" ಅಂದರು.

"ಕೆಟ್ಟದಾಗಿ ಓಡಿಸ್ತಾ ಇದಾನೆ" ಅಂತ ಅರ್ಲ್ ಈ ಕಡೆಯಿಂದ ಕೂಗಿದರು.

ಆಗ ಎರಡೂ ಸಾಲಿನವರು ನಕ್ಕರು. ಬೇರೆ ತರಹದ ನಗು. ವಾಲ್ಟರ್ ಕಾರನ್ನು ಪ್ಲಸ್ ಸಾಲಿನಲ್ಲೇ, ಅದರ ಹಳೆಯ ಜಾಗದಲ್ಲಿ ನಿಲ್ಲಿಸಿದರು. ಬಾನೆಟ್ ಎತ್ತಿದೆವು. ಜನ ಸೇರಿದರು. ಎಷ್ಟು ಚೆನ್ನಾಗಿ ಕೂಗುತ್ತಿದೆ, ಟ್ಯೂನ್ ಮಾಡಿದ್ದು ಯಾರು ಅಂತ ಒಬ್ಬರು ಕೇಳಿದರು.

"ನಾನೇ" ಅಂದರು ಅರ್ಲ್. ಆಮೇಲೆ ಕೋಲನ್ನು ನನ್ನ ಕಡೆ ತೋರಿಸಿ, "ಸ್ಕ್ರೂ ತಿರುಗಿಸಿದ್ದು ಇವನು. ಇಂಡಿಯಾದಲ್ಲಿ ಗುಡ್ಡದ ಮೇಲೆ ಇವನ ಗ್ಯಾರೇಜು ಇದೆ. ಆ ಬಿಲ್ಲೆ ವಾಲ್ಟರ್‌ದು" ಅಂದರು.

ಅಲ್ಲಿದ್ದವರೆಲ್ಲ ನನ್ನ ಕೈ ಕುಲುಕಿದರು. ಒಬ್ಬರು ಜೀಪಿನ ಬಗ್ಗೆ ಕೇಳಿದರು, ಇನ್ನೊಬ್ಬರು ಹುಲಿ ಬರುತ್ತದಾ ಅಂತ ಕೇಳಿದರು. ಆನೆ ಬರುತ್ತದೆ, ಗ್ಯಾರೇಜಿಗಲ್ಲ, ಗದ್ದೆಗೆ ಅಂದೆ. ಕುದುರೆ ಸಾಲಿನ ಆ ದಪ್ಪನೆಯ ಮನುಷ್ಯ ಮಧ್ಯಾಹ್ನ ಒಂದು ಮಡಿಸುವ ಕುರ್ಚಿ ಹೊತ್ತುಕೊಂಡು ದಾರಿ ದಾಟಿ ಬಂದು, ಅರ್ಲ್ ಮುಂದೆ ಬಿಡಿಸಿಟ್ಟು, ಒಂದು ಮಾತೂ ಆಡದೆ ವಾಪಸು ಹೋದ.

ವಾಪಸು ದಾರಿ

ಸಂಜೆ ನಾಲ್ಕಕ್ಕೆ ಹೊರಟೆವು. ಡೋನಾ ತನ್ನ ಕಾರಿನಲ್ಲಿ ಮುಂದೆ ಹೋಗಿದ್ದಳು. ಮೈದಾನದಿಂದ ಮನೆಗೆ ಐದು ನಿಮಿಷದ ದಾರಿ. ವಾಲ್ಟರ್ ಜೋಳದ ಹೊಲದ ಕಡೆ ತಿರುಗಿಸಿದರು.

"ಇದು ಸುತ್ತು ದಾರಿ" ಅಂದರು ಅರ್ಲ್.

"ಗೊತ್ತು."

ಊರು ಹಿಂದಾಯಿತು. ಆಮೇಲೆ ಶುರುವಾಯಿತು. ಎರಡನೇ ಗೇರಿನಲ್ಲಿ ಇನ್ನೂ ಸ್ವಲ್ಪ ಎಳೆಯಬೇಕು, ನೀನು ಬೇಗ ಬದಲಾಯಿಸ್ತೀಯ ಅಂತ ಅರ್ಲ್. ಈ ಕ್ಲಚ್ಚು ಒತ್ತಲು ಎತ್ತಿನ ಕಾಲು ಬೇಕು ಅಂತ ವಾಲ್ಟರ್. ಅದು ಗಂಡಸರ ಕ್ಲಚ್ಚು ಅಂತ ಅರ್ಲ್. ನಿನ್ನ ಸ್ಟೇರಿಂಗ್ ಸಡಿಲ. ನಿನ್ನ ಕೈ ಸಡಿಲ. ಅವರ ಇಂಗ್ಲಿಷು ಜೋರಾದಂತೆ ನನಗೆ ಅರ್ಧಕ್ಕರ್ಧ ತಿಳಿಯದೆ ಹೋಯಿತು. ಯಾವುದೋ ಹಳೆಯ ರೇಸು, ಯಾರೋ ಮುಂದೆ ಬಂದದ್ದು, ಬೆಟ್ಟಿ ಇದ್ದಿದ್ದರೆ ಸಾಕ್ಷಿ ಹೇಳುತ್ತಿದ್ದಳು ಅಂತ ಒಬ್ಬರು, ಅವಳು ನನ್ನ ಕಡೆಗೇ ಹೇಳುತ್ತಿದ್ದಳು ಅಂತ ಇನ್ನೊಬ್ಬರು. ಇಬ್ಬರಿಗೂ ಉಸಿರು ಸಾಲುತ್ತಿರಲಿಲ್ಲ. ನಾನೊಬ್ಬ ಇದ್ದೇನೆ ಅನ್ನುವ ಸಂಕೋಚಕ್ಕೆ ನಿಲ್ಲಿಸಿಬಿಟ್ಟಾರು ಅಂತ ನಾನು ತಲೆ ಹಿಂದಕ್ಕೆ ಒರಗಿಸಿ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡೆ.

ವೇಗ ಕಡಿಮೆಯಾದಾಗ ಅರೆಗಣ್ಣು ತೆರೆದು ನೋಡಿದೆ. ಅರ್ಲ್ ಅವರ ಮನೆ ಬಂದಿತ್ತು. ಮೆಟ್ಟಿಲ ಮೇಲೆ ಡೋನಾ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳು ಸಾಲಾಗಿದ್ದವು. ವಾಲ್ಟರ್ ಕಾಲು ಬ್ರೇಕಿನ ಮೇಲಿತ್ತು. ಇಬ್ಬರ ಮಾತೂ ನಿಂತಿತ್ತು. ಕಾರು ನಡೆಯುವವರಷ್ಟೇ ನಿಧಾನವಾಗಿ ಗೇಟಿನ ಹತ್ತಿರಕ್ಕೆ ಬರುತ್ತಿತ್ತು.

ಅರ್ಲ್ ಪೆಟ್ಟಿಗೆಗಳನ್ನು ನೋಡಿದರು. ಮತ್ತೆ ಮುಂದಿನ ರಸ್ತೆ ನೋಡಿದರು.

"ಇಲ್ಲಿ ಎರಡನೇ ಗೇರು" ಅಂದರು.

ವಾಲ್ಟರ್ ಎರಡನೇ ಗೇರಿಗೆ ಹಾಕಿ ಮನೆಯನ್ನು ದಾಟಿ ಮುಂದಕ್ಕೆ ಓಡಿಸಿದರು.